ಏರ್‌ಬ್ಯಾಗ್ ಡಿಕ್ಕಿಯಲ್ಲಿದೆ

ಇಷ್ಟಕ್ಕೆಲ್ಲ ಮೂಲ, ಕ್ಯಾಂಟೀನಿನಲ್ಲಿ ಸ್ಟೋರ್‌ಕೀಪರ್ ಆಡಿದ ಒಂದು ಮಾತು. ಜಾಗ್ರತೆಯವರ ಕಾರು ನೋಡಿದರೆ ಪ್ರಥಮ ಚಿಕಿತ್ಸೆಯ ಡಬ್ಬಕ್ಕೆ ಚಕ್ರ ಹಾಕಿ ರಸ್ತೆಗೆ ಬಿಟ್ಟಂತಿದೆ ಎಂದು ಅವನು ಅಂದ. ಸುತ್ತ ಕೂತವರು ನಕ್ಕರು. ಕಂಬದ ಮರೆಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ ಕಾರಿನ ಯಜಮಾನರು ನಗಲಿಲ್ಲ. ನಾಲಿಗೆ ಸುಟ್ಟೀತೆಂದು ಪ್ರತಿದಿನ ಎಂಟು ನಿಮಿಷ ಕಾಯುವ ಮನುಷ್ಯ, ಅಂದು ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು ಎದ್ದುಹೋದರು.

ಅವರು ಏಣಿ ತಯಾರಿಸುವ ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಆಡುವ ಪ್ರತಿ ಮಾತಿನ ಕೊನೆಗೂ "ಜಾಗ್ರತೆ" ಎಂದು ಸೇರಿಸುತ್ತಿದ್ದರಿಂದ ಅದೇ ಹೆಸರಾಗಿ ನಿಂತಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರು ನೋಡಿ ಹೊಸಬರು ಇದ್ಯಾರದು ಎಂದು ಕೇಳುತ್ತಿದ್ದರು. ಮೂವತ್ತಡಿ ಏಣಿಗಳನ್ನು ಮಾಡಿ ಹತ್ತಿ ಪರೀಕ್ಷಿಸುವ ಆ ಜಾಗದಲ್ಲಿ ಕಳೆದ ವರ್ಷ ನಡೆದ ಅಪಘಾತ ಒಂದೇ: ಲೆಕ್ಕಪತ್ರ ವಿಭಾಗದವರೊಬ್ಬರು ಆಕಳಿಸುತ್ತಾ ಕುರ್ಚಿಯಿಂದ ಬಿದ್ದದ್ದು. ಆ ಕುರ್ಚಿಯ ಮೇಲೂ ಜಾಗ್ರತೆಯವರು ಮಾರನೆಯ ದಿನವೇ ಕೆಂಪು ಚೀಟಿ ಅಂಟಿಸಿದರು.

ಅವರ ಕಾರಾದರೂ ಹಾಗೇ ಇತ್ತು. ಬಿಳಿ ಬಣ್ಣ, ಚೌಕ ಮೈ, ನಾಲ್ಕೂ ಕಡೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ, ಒಳಗೆ ಬೆಂಕಿ ಆರಿಸುವ ಸಿಲಿಂಡರು, ಹಗ್ಗ, ಎರಡು ಟಾರ್ಚು. ನಲವತ್ತರ ವೇಗ ದಾಟಿದ್ದು ಅದರ ಜಾತಕದಲ್ಲೇ ಇರಲಿಲ್ಲ. ಕ್ಯಾಂಟೀನಿನ ಮಾತು ಕೇಳಿದ ಮೇಲೆ ಒಂದು ವಾರ ಅವರು ದಿನಾ ಬೆಳಗ್ಗೆ ಕಿಟಕಿಯಿಂದ ಅದನ್ನೇ ನೋಡಿದರು. ನೋಡಿದಷ್ಟೂ ಪ್ರಥಮ ಚಿಕಿತ್ಸೆಯ ಡಬ್ಬವೇ ಕಾಣಿಸಿತು. ಐವತ್ತೆರಡು ವರ್ಷದ ಗಂಡಸಿಗೆ ಜೀವನದಲ್ಲಿ ಒಂದು ಸಲವಾದರೂ, ಯಾರಾದರೂ ತಿರುಗಿ ನೋಡುವಂಥ ವಸ್ತು ತನ್ನದಾಗಿರಲಿ ಅನ್ನಿಸುವುದು ತಪ್ಪೇನಲ್ಲ. ತಪ್ಪಾದದ್ದು, ಆ ಆಸೆಯನ್ನು ಅವರು ಭಾವಮೈದನ ಹತ್ತಿರ ಹೇಳಿಕೊಂಡದ್ದು.

ಹೆಂಡತಿಯ ತಮ್ಮ ಊರಂಚಿನಲ್ಲಿ ಗ್ಯಾರೇಜು ಇಟ್ಟಿದ್ದ. ಕೈ ಚುರುಕು, ಮನಸ್ಸು ಅಪ್ಪಟ ಬೆಣ್ಣೆ. ಆದರೆ ಕೆಲಸಕ್ಕೆ ಕೂತನೆಂದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ, ಅವನ ಗಿರಾಕಿಗಳಿಗೂ ತಿಳಿಯುತ್ತಿರಲಿಲ್ಲ. ಸುರಕ್ಷತೆಗೆ ಒಂದಿಷ್ಟೂ ಧಕ್ಕೆ ಬರಬಾರದು, ಸ್ವಲ್ಪ ಕಳೆ ಬಂದರೆ ಸಾಕು ಎಂದು ಜಾಗ್ರತೆಯವರು ಎರಡೆರಡು ಸಲ ಹೇಳಿ ಕೀಲಿ ಕೊಟ್ಟರು. ಅವನು "ಬಿಡಿ ಭಾವ, ನಂಗೆ ಗೊತ್ತು" ಎಂದ. ಈ ಮಾತು ಕೇಳಿದಾಗಲೇ ಕೀಲಿ ಕಿತ್ತುಕೊಂಡು ಓಡಬೇಕಿತ್ತೆಂದು ಅವರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಏಳಕ್ಕೆ ಕಾರು ಮನೆಗೆ ಬಂತು. ಕಾರಿಗಿಂತ ಮೊದಲು ಸದ್ದು ಬಂತು. ದಮ್ಮು ಹತ್ತಿದ ಆನೆ ಬೀದಿ ತುದಿಯಲ್ಲಿ ಕೆಮ್ಮುತ್ತಿರುವಂಥ ಸದ್ದು. ಆಮೇಲೆ ಬೀದಿಯ ನಾಯಿಗಳು ಬಂದವು, ಹೊರಟ ಉದ್ದೇಶ ಮರೆತು ವಾಪಸ್ಸು ಓಡಿದವು. ಕೊನೆಗೆ ಕಾರು.

ಜಾಗ್ರತೆಯವರು ಮೆಟ್ಟಿಲ ಮೇಲೇ ಕೂತುಬಿಟ್ಟರು. ಕಾರು ನೆಲಕ್ಕೆ ಒತ್ತಿಕೊಂಡು, ಹಲ್ಲಿ ಹಿಡಿಯಲು ಹೊಂಚುಹಾಕಿದ ಬೆಕ್ಕಿನ ಹಾಗೆ ನಿಂತಿತ್ತು. ಟೈರುಗಳು ಮಡ್‌ಗಾರ್ಡಿನಿಂದ ಒಂದು ಗೇಣು ಆಚೆ ಇಣುಕುತ್ತಿದ್ದವು. ಗಾಜಿಗೆಲ್ಲ ಕಪ್ಪು ಹಾಳೆ. ಹೆಡ್‌ಲೈಟಿನ ಮೇಲೆ ಹುಬ್ಬಿನ ಹಾಗೆ ತಗಡು. ಅರ್ಧ ಬೆಳಕು ಆ ಹುಬ್ಬಿಗೇ ಹೋಗುತ್ತಿತ್ತು. ಹಿಂದೆ ಡಿಕ್ಕಿಯ ಮೇಲೆ ಇಸ್ತ್ರಿ ಮೇಜಿನಷ್ಟು ಅಗಲದ ರೆಕ್ಕೆ. ಮುಂದೆ ಬಂಪರಿನ ಜಾಗದಲ್ಲಿ ಕೊಟ್ಟಿಗೆಯ ಗೇಟಿನಂಥ ಕಬ್ಬಿಣ. ಬಣ್ಣ ಮಾತ್ರ ಬಿಳಿಯೇ ಇತ್ತು, ಅದರ ಮೇಲೆ ಎರಡೂ ಪಕ್ಕ ಬೆಂಕಿಯ ಜ್ವಾಲೆ ಬಿಡಿಸಿದ್ದ.

ಭಾವಮೈದ ಬಾಗಿಲು ತೆಗೆದು ಒಂದೊಂದನ್ನೇ ತೋರಿಸಿದ. ಸ್ಪ್ರಿಂಗುಗಳನ್ನು ಎರಡೆರಡು ಸುತ್ತು ಕತ್ತರಿಸಿದ್ದಾನಂತೆ, ಅದಕ್ಕೇ ಆ ಠೀವಿ. ಸೀಟಿಗೆ ಹಾಕಿದ ದಪ್ಪ ಚರ್ಮದ ಹೊದಿಕೆ ಪಕ್ಕದ ಏರ್‌ಬ್ಯಾಗುಗಳನ್ನು ಮುಚ್ಚಿದೆಯಂತೆ, ಆದರೆ ಹೊಲಿಗೆ ನೋಡಿ ಭಾವ, ಕೈಹೊಲಿಗೆ. ಮಾಮೂಲಿ ಸೀಟ್ ಬೆಲ್ಟ್ ತೆಗೆದು ಪಂದ್ಯದ ಕಾರುಗಳಲ್ಲಿ ಇರುವಂಥ ನಾಲ್ಕು ಪಟ್ಟಿಯ ಬೆಲ್ಟು ಹಾಕಿದ್ದಾನೆ. ಸ್ಟಿಯರಿಂಗು ಊಟದ ತಟ್ಟೆಗಿಂತ ಚಿಕ್ಕದಾಗಿ, ಕೆಂಪಾಗಿ ಹೊಳೆಯುತ್ತಿತ್ತು.

"ಇದರಲ್ಲಿದ್ದ ಏರ್‌ಬ್ಯಾಗು?" ಜಾಗ್ರತೆಯವರ ಧ್ವನಿ ಅವರಿಗೇ ಕೇಳಿಸಲಿಲ್ಲ.

"ಅದಾ, ತುಂಬಾ ಜಾಗ ತಿಂತಿತ್ತು ಭಾವ. ಬಿಸಾಕಿಲ್ಲ, ಡಿಕ್ಕೀಲಿ ಇಟ್ಟಿದೀನಿ. ಹಳೇ ದುಪ್ಪಟಿ ಸುತ್ತಿ."

ಏರ್‌ಬ್ಯಾಗ್ ಇಲ್ಲವೆಂದು ಕಾರು ಕೆಂಪು ದೀಪ ಉರಿಸಿ ಹೇಳಿತ್ತಂತೆ. ಆ ದೀಪದ ಮೇಲೆ ಅವನು ಕಪ್ಪು ಟೇಪು ಅಂಟಿಸಿದ್ದ.

ಬಾಯಿ ತೆರೆದರೆ ಏನು ಬರುತ್ತಿತ್ತೋ, ಅಷ್ಟರಲ್ಲಿ ಹೆಂಡತಿ ಹೊರಗೆ ಬಂದರು. ತಮ್ಮ ಮೂರು ದಿನ ಊಟ ಬಿಟ್ಟು ಮಾಡಿದ್ದಾನೆ, ಭಾವನಿಗೆ ಉಡುಗೊರೆ ಅಂತ ಹೇಳಿದ್ದಾನೆ ಎನ್ನುತ್ತಾ ಕಣ್ಣೊರೆಸಿಕೊಂಡರು. ಅವನ ಕಣ್ಣಿನ ಸುತ್ತ ನಿಜವಾಗಿಯೂ ಕಪ್ಪು ಕಟ್ಟಿತ್ತು. ಅಂಥ ಮುಖದ ಎದುರು ಏನು ಹೇಳುವುದು? ಜಾಗ್ರತೆಯವರು ಚೆನ್ನಾಗಿದೆ ಎಂದರು. ಯಾರದೋ ಎಂಜಿನ್ ತರಬೇಕು, ಸಂಜೆಯವರೆಗೆ ತಾನು ಸಿಗುವುದಿಲ್ಲ ಎಂದು ಅವನು ಸಿಕ್ಕಿದ ಬಸ್ಸು ಹತ್ತಿ ಹೋದ.

ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗುವುದೆಂದು ಅವರು ತೀರ್ಮಾನಿಸಿ ಚೀಲ ಹೆಗಲಿಗೇರಿಸಿದಾಗ ಮ್ಯಾನೇಜರರ ಫೋನು ಬಂತು.

ಅಂದು ಕಾರ್ಖಾನೆಯ ಸುರಕ್ಷತಾ ದಿನ. ಭಾಷಣಕ್ಕೂ ತಪಾಸಣೆಗೂ ಇಲಾಖೆಯ ಮುಖ್ಯ ತಪಾಸಣಾ ಅಧಿಕಾರಿಯೇ ಬರುವವರಿದ್ದರು. ಬರೆದರೆ ಒಂದು ಸಾಲಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿಸಬಲ್ಲ ಹೆಂಗಸು ಎಂದು ಹೆಸರು. ಅವರನ್ನು ರೈಲು ನಿಲ್ದಾಣದಿಂದ ಕರೆತರಬೇಕಿದ್ದ ಕಾರ್ಖಾನೆಯ ಕಾರು ಕೆಟ್ಟು ನಿಂತಿದೆ, ಆದ್ದರಿಂದ ನೀವೇ ಹೋಗಿ ಎಂದರು ಮ್ಯಾನೇಜರು. ಟ್ಯಾಕ್ಸಿಯಲ್ಲಿ ಕರೆತರುತ್ತೇನೆ ಎಂದು ಜಾಗ್ರತೆಯವರು ಗೋಗರೆದರು.

"ಟ್ಯಾಕ್ಸಿ ಯಾಕ್ರೀ? ನಿಮ್ಮ ಕಾರಲ್ಲೇ ಕರ್ಕೊಂಡು ಬನ್ನಿ. ಆಗ್ಲೇ ಮೇಡಂಗೆ ಹೇಳಿಬಿಟ್ಟಿದೀನಿ, ಸುರಕ್ಷತಾ ಅಧಿಕಾರಿ ಕಾರು ಹೇಗಿರ್ಬೇಕು ಅಂತ ನಮ್ಮವರದ್ದು ನೋಡಿ ಅಂತ."

ಫೋನು ಇಟ್ಟ ಮೇಲೆ ಅವರು ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಿಂತರು. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು.

ಗೇಟು ದಾಟುವಾಗಲೇ ಅರ್ಧ ಬೀದಿ ಸೇರಿತ್ತು. ಮುಂದಾಳತ್ವ ವಹಿಸಿದವರು ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು. ನಲವತ್ತು ವರ್ಷ ದೊಡ್ಡ ಗಾಡಿ ಓಡಿಸಿದ ಅವರಿಗೆ ಚಿಕ್ಕ ಗಾಡಿಗಳ ಮೇಲೆ ಕನಿಕರ. ಅವರು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಬಗ್ಗಿ ಅಡಿಗೆ ಕೈಹಾಕಿ, ಎರಡು ಬೆರಳು ಮಾತ್ರ ಹೋಗುತ್ತೆ ಎಂದು ಬೀದಿಗೆಲ್ಲ ಸಾರಿದರು. ಮನೆ ಎದುರಿಗೇ ಒಂದು ಹಂಪು ಇತ್ತು. ಮಕ್ಕಳು ಓಡಾಡುವ ಬೀದಿ ಎಂದು ಜಾಗ್ರತೆಯವರೇ ಮೂರು ವರ್ಷ ಅರ್ಜಿ ಬರೆದು ಹಾಕಿಸಿದ ಹಂಪು. ಕಾರು ಅದರ ಮೇಲೇರಿ, ಕಾವಿಗೆ ಕೂತ ಕೋಳಿಯ ಹಾಗೆ ಹೊಟ್ಟೆಯೂರಿ ಕೂತಿತು. ಚಕ್ರಗಳು ತಿರುಗಿದವು, ಕಾರು ಕದಲಲಿಲ್ಲ.

"ನೇರ ಹತ್ತಿಸ್ಬಾರ್ದು. ಓರೆಗೆ ಹತ್ತಿಸಿ, ಹಾವು ಹೋದ ಹಾಗೆ" ಎಂದರು ಚಾಲಕರು. ನಾಲ್ಕು ಜನ ಹಿಂದಿನಿಂದ ಎತ್ತಿ ಇಳಿಸಿದ ಮೇಲೆ ಓರೆಗೆ ಹತ್ತಿಸಿದರು. ಕೆಳಗೆ ಕರಕರ ಎಂದು ಏನೋ ಹೆರೆದ ಸದ್ದಾಗಿ ಕಾರು ದಾಟಿತು. ಒಬ್ಬರೇ ಕೂತರೆ ಹೀಗೆ ದಾಟುತ್ತದೆ, ಪಕ್ಕದಲ್ಲಿ ಇನ್ನೊಬ್ಬರು ಕೂತರೆ ದಾಟುವುದಿಲ್ಲ ಎಂಬ ತೀರ್ಪನ್ನೂ ಚಾಲಕರು ಕೊಟ್ಟರು. ಇದನ್ನು ಕೇಳಿ ಜಾಗ್ರತೆಯವರು ದಾರಿಯ ಹಂಪುಗಳನ್ನು ಬೆರಳಲ್ಲಿ ಎಣಿಸಿದರು. ನಿಲ್ದಾಣದಿಂದ ಕಾರ್ಖಾನೆಗೆ ಏಳು ಹಂಪುಗಳಿದ್ದವು.

ಮುಖ್ಯ ತಪಾಸಣಾ ಅಧಿಕಾರಿ ತೆಳ್ಳಗಿನ ಹೆಂಗಸು, ಐವತ್ತೈದು ದಾಟಿದವರು. ದಪ್ಪ ಕನ್ನಡಕ, ಕೈಯಲ್ಲೊಂದು ಚಿಕ್ಕ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿ ನೇತುಹಾಕಿದ ಪೆನ್ಸಿಲು. ಕಾರನ್ನು ಕಂಡವರೇ ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಬರೆದರು.

ನಾಲ್ಕು ಪಟ್ಟಿಯ ಬೆಲ್ಟು ಕಟ್ಟಲು ಐದು ನಿಮಿಷ ಹಿಡಿಯಿತು. ಒಂದು ಪಟ್ಟಿ ಬಿಗಿದರೆ ಇನ್ನೊಂದು ಸಡಿಲವಾಗುತ್ತಿತ್ತು. ಕೊನೆಗೆ ಮೇಡಂ ಪಾರ್ಸೆಲ್ಲಿನ ಹಾಗೆ ಕಟ್ಟಿಸಿಕೊಂಡು, ಪೆನ್ಸಿಲು ಹಿಡಿದ ಕೈಯೊಂದನ್ನು ಮಾತ್ರ ಆಡಿಸುವಂತಾದರು. ಆ ಕೈ ಬರೆಯುತ್ತಲೇ ಇತ್ತು. ಕಪ್ಪು ಗಾಜಿನಿಂದ ಹೊರಗೆ ಸಂಜೆಯಾದಂತೆ ಕಾಣುತ್ತಿತ್ತು. ಎದುರಿಗೆ ಅಡ್ಡ ಬಂದ ಸೈಕಲ್ಲಿನವನನ್ನು ಎಚ್ಚರಿಸಲು ಜಾಗ್ರತೆಯವರು ಹಾರನ್ ಒತ್ತಿದರು. ಭಾವಮೈದ ಹಾರನ್ನನ್ನೂ ಬದಲಾಯಿಸಿದ್ದು ಆಗಲೇ ಗೊತ್ತಾದದ್ದು. ರೈಲು ಬಂತೆಂದು ಸೈಕಲ್ಲಿನವನು ಸೈಕಲ್ಲನ್ನು ಅಲ್ಲೇ ಬಿಟ್ಟು ಪಕ್ಕದ ಅಂಗಡಿಯೊಳಗೆ ಓಡಿದ.

ಮೊದಲ ಹಂಪು ಬಂತು. ಜಾಗ್ರತೆಯವರು ಕಾರು ನಿಲ್ಲಿಸಿ, ತಲೆ ತಗ್ಗಿಸಿ, ದಯವಿಟ್ಟು ಸ್ವಲ್ಪ ಇಳಿದುಕೊಳ್ಳಬೇಕು ಎಂದು ಬೇಡಿಕೊಂಡರು. ನಾಲ್ಕು ಪಟ್ಟಿ ಬಿಚ್ಚಿದ್ದಾಯಿತು. ಮೇಡಂ ಇಳಿದರು. ಕಾರು ಓರೆಗೆ ಹೆರೆದುಕೊಂಡು ದಾಟಿತು. ಮೇಡಂ ನಡೆದು ಬಂದು ಹತ್ತಿದರು. ನಾಲ್ಕು ಪಟ್ಟಿ ಕಟ್ಟಿದ್ದಾಯಿತು. ಎರಡನೆಯ ಹಂಪಿನಲ್ಲೂ ಇದೇ ಆಯಿತು. ಮೂರನೆಯದರಲ್ಲಿ ರಸ್ತೆ ಬದಿಯ ತರಕಾರಿಯವಳು, ಪಾಪ ಅಮ್ಮನಿಗೆ ವಾಂತಿ ಬರ್ತಿರ್ಬೇಕು ಎಂದು ಒಂದು ನಿಂಬೆಹಣ್ಣು ಕೊಟ್ಟಳು. ಮೇಡಂ ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು.

ನಾಲ್ಕನೆಯದರ ಹತ್ತಿರ ಅವರು ಮೊದಲ ಸಲ ಮಾತಾಡಿದರು. "ಇನ್ನೂ ಎಷ್ಟಿವೆ?"

"ಇದಾದ್ಮೇಲೆ ಮೂರು ಮೇಡಂ."

"ನಾನು ನಡ್ಕೊಂಡೇ ಬಂದ್ಬಿಡ್ಲಾ?"

ಅದರಲ್ಲಿ ಕೋಪವಿರಲಿಲ್ಲ, ಅದೇ ಇನ್ನೂ ಭಯಂಕರವಾಗಿತ್ತು. ಜಾಗ್ರತೆಯವರಿಗೆ ಆ ಕ್ಷಣ ಹಂಪಿನ ಕೆಳಗೆ ತಾವೇ ಮಲಗಿ ಡಾಂಬರು ಹಾಕಿಸಿಕೊಂಡುಬಿಡೋಣ ಅನ್ನಿಸಿತು.

ಐದನೆಯ ಹಂಪಿಗೆ ಮೊದಲು ಒಂದು ಶಾಲೆ. ಮಕ್ಕಳ ಸಾಲೊಂದು ರಸ್ತೆ ದಾಟುತ್ತಿತ್ತು. ನಿಧಾನವಾಗಿಯೇ ಬರುತ್ತಿದ್ದರೂ ಬ್ರೇಕು ಒತ್ತಿದಾಗ ಅಗಲದ ಟೈರು ಮಡ್‌ಗಾರ್ಡಿಗೆ ಉಜ್ಜಿ, ತಟ್ಟೆಯಂಥ ಸ್ಟಿಯರಿಂಗು ಕೈಯಲ್ಲಿ ಜಾರಿ, ಕಾರು ಬದಿಗೆ ಎಳೆದುಕೊಂಡು ಹೋಗಿ ಕಂಬಕ್ಕೆ ಒಂದು ಮಾರು ದೂರದಲ್ಲಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಬೆಂಕಿಯ ಚಿತ್ರ ನೋಡಿ ಕೈಬೀಸಿದರು. ಜಾಗ್ರತೆಯವರಿಗೆ ಮಾತ್ರ ಬೆವರು ಕತ್ತಿನಿಂದ ಬೆನ್ನಿಗೆ ಇಳಿಯಿತು. ಆ ಸಾಲಿನ ಕೊನೆಯಲ್ಲಿದ್ದ ಹುಡುಗಿಯ ಬಿಚ್ಚಿಹೋದ ಬೂಟಿನ ದಾರ ಅವರ ಕಣ್ಣಿನಿಂದ ಇಡೀ ದಿನ ಮರೆಯಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ಕೇಳಿದರು. "ಏರ್‌ಬ್ಯಾಗು ಎಲ್ಲಿದೆ?"

"ಡಿಕ್ಕಿಯಲ್ಲಿ ಮೇಡಂ."

"ಡಿಕ್ಕಿಯಾದಾಗ ಬರುತ್ತೆ ಅಂತ ನಂಗೂ ಗೊತ್ತು. ಈಗ ಎಲ್ಲಿದೆ ಅಂತ ಕೇಳಿದ್ದು."

"ಈಗ್ಲೂ ಡಿಕ್ಕಿಯಲ್ಲೇ ಇದೆ ಮೇಡಂ. ಹಿಂದೆ. ದುಪ್ಪಟಿ ಸುತ್ತಿಟ್ಟಿದೆ."

ಮೇಡಂ ಬೆಲ್ಟು ಬಿಚ್ಚಿಸಿಕೊಂಡು ಇಳಿದು, ಡಿಕ್ಕಿ ತೆಗೆಸಿ, ದುಪ್ಪಟಿಯ ತುದಿ ಎತ್ತಿ ನೋಡಿದರು. ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವಷ್ಟು ಹೊತ್ತು ನೋಡಿದರು. ಆಮೇಲೆ ಒಂದು ಇಡೀ ಪುಟ ಬರೆದರು.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ತಡೆದ. ಹದಿನಾಲ್ಕು ವರ್ಷದಿಂದ ದಿನಾ ಸಲಾಮು ಹೊಡೆದವನು, ಕಪ್ಪು ಗಾಜು ಇಳಿಸಿ ಮುಖ ತೋರಿಸಿದರೂ ನಂಬಲಿಲ್ಲ. ನಮ್ಮ ಜಾಗ್ರತೆ ಸಾರ್ ಇಂಥ ಗಾಡಿ ಹತ್ತುವವರಲ್ಲ ಎಂದು ವಾದಿಸಿದ. ಕೊನೆಗೆ ಗುರುತಿನ ಚೀಟಿ ನೋಡಿ ಬಿಟ್ಟನಾದರೂ, ಅವನ ಮುಖದಲ್ಲಿ ಸಾವಿನ ಸುದ್ದಿ ಕೇಳಿದವನ ಕಳೆಯಿತ್ತು. ಒಳಗೆ ಕೆಲಸಗಾರರು ಕಿಟಕಿಗಳಿಗೆ ಮುತ್ತಿ ಶಿಳ್ಳೆ ಹಾಕಿದರು. ಸ್ಟೋರ್‌ಕೀಪರ್ ಓಡಿಬಂದು ಬಾನೆಟ್ಟು ಸವರಿದ. ಅಷ್ಟು ದಿನ ಆಸೆಪಟ್ಟ ಗಳಿಗೆ ಅದು. ಎಲ್ಲರೂ ತಿರುಗಿ ನೋಡುತ್ತಿದ್ದರು. ಜಾಗ್ರತೆಯವರಿಗೆ ಭೂಮಿ ಬಾಯಿಬಿಡಲಿ ಅನ್ನಿಸಿತು.

ಹಾರ ಹಿಡಿದು ನಿಂತಿದ್ದ ಮ್ಯಾನೇಜರರು ಕಾರನ್ನು ನೋಡಿ ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡರು. ಆಮೇಲೆ ತೆಗೆದು ಮೇಡಂಗೆ ಹಾಕಿದರು. ಮೇಡಂ ಮುಂದೆ ಹೋದ ಮೇಲೆ ಜಾಗ್ರತೆಯವರ ತೋಳು ಹಿಡಿದು, ಸಭೆ ಮುಗಿದ ತಕ್ಷಣ ರಾಜೀನಾಮೆ ಪತ್ರ ತಮ್ಮ ಮೇಜಿನ ಮೇಲಿರಬೇಕು ಎಂದು ತಣ್ಣಗೆ ಹೇಳಿದರು. ಜಾಗ್ರತೆಯವರು ತಲೆಯಾಡಿಸಿದರು.

ಸಭೆಯಲ್ಲಿ ಮುನ್ನೂರು ಜನ. ನುಡಿದಂತೆ ನಡೆಯುವವರು ಎಂದು ಮೊದಲೇ ಬರೆದಿಟ್ಟ ಜಾಗ್ರತೆಯವರ ಪರಿಚಯವನ್ನು ಯಾರೋ ಓದಿದರು. ಹಿಂದಿನ ಸಾಲಿನಿಂದ ನಗೆ ಎದ್ದಿತು. ಜಾಗ್ರತೆಯವರು ಮೈಕಿನ ಮುಂದೆ ಬಂದು, ನಾಲ್ಕು ಪುಟದ ಭಾಷಣ ಬಿಚ್ಚಿದರು. ಮೊದಲ ಸಾಲು ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು.

"ಹೊರಗೆ ನಿಂತಿರೋ ಕಾರು ನಂದೇ" ಎಂದರು. "ಯಾರೋ ನಕ್ಕರು ಅಂತ, ಚೆನ್ನಾಗಿ ಕಾಣ್ಲಿ ಅಂತ, ನಾನೇ ಕೊಟ್ಟು ಮಾಡಿಸ್ಕೊಂಡೆ. ಬೆಳಗ್ಗೆ ನೋಡಿದ ಕೂಡ್ಲೇ ಗೊತ್ತಾಯ್ತು, ಇದು ರಸ್ತೆಗೆ ಇಳಿಸಬಾರದ ಗಾಡಿ ಅಂತ. ಆದ್ರೂ ಇಳಿಸ್ದೆ. ಮನೇಲಿ ಬೇಜಾರು ಮಾಡ್ಕೋತಾರೆ, ಮ್ಯಾನೇಜರ್ ಬೈತಾರೆ ಅಂತ ಸುಮ್ಮನಿದ್ದೆ. ಶಾಲೆ ಹತ್ರ ಮಕ್ಕಳು ದಾಟ್ತಾ ಇದ್ರು. ಇನ್ನೊಂದು ಮಾರು ಆಚೆ ಹೋಗಿದ್ರೆ..."

ಸಭೆಯಲ್ಲಿ ನಗು ನಿಂತಿತ್ತು. ಅವರು ನೀರು ಕುಡಿದು, ಯಾವತ್ತೂ ಯಾರಿಗೂ ಹೇಳದಿದ್ದ ಸಂಗತಿಯನ್ನೂ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ, ಬೇರೆ ಕಾರ್ಖಾನೆಯಲ್ಲಿ, ಕತ್ತರಿಸುವ ಯಂತ್ರದ ಕವಚ ಸಡಿಲವಾಗಿದ್ದುದನ್ನು ಸಂಜೆ ಹೊರಡುವಾಗ ನೋಡಿದ್ದರು. ನಾಳೆ ಹೇಳಿದರಾಯಿತು ಎಂದು ಮನೆಗೆ ಹೋಗಿದ್ದರು. ಬೆಳಗ್ಗೆ ಅವರಿಗಿಂತ ಕಾಲು ಗಂಟೆ ಮೊದಲು ಕೆಲಸಕ್ಕೆ ಬಂದವನ ಎರಡು ಬೆರಳು ಹೋಯಿತು. ಆವತ್ತಿನಿಂದ ಕಂಡದ್ದನ್ನು ಕಂಡ ಕೂಡಲೇ ಹೇಳದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಇವತ್ತು ಮಾತ್ರ, ತಮ್ಮದೇ ಕಾರಿನ ವಿಷಯದಲ್ಲಿ, ಬಾಯಿ ಮುಚ್ಚಿಕೊಂಡಿದ್ದರು. ಇನ್ನು ಈ ಕುರ್ಚಿಗೆ ತಾವು ಯೋಗ್ಯರಲ್ಲ ಎಂದು ಹೇಳಿ ಕೈಮುಗಿದರು.

ಮುಖ್ಯ ತಪಾಸಣಾ ಅಧಿಕಾರಿ ಎದ್ದು ನಿಂತರು. ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಚಪ್ಪಾಳೆ ತಟ್ಟತೊಡಗಿದರು.

ಮೂವತ್ತು ವರ್ಷದಿಂದ ಭಾಷಣ ಕೇಳಿ, ಪೋಸ್ಟರು ನೋಡಿ ಕಿವಿಯೂ ಕಣ್ಣೂ ಬತ್ತಿಹೋಗಿದ್ದವು ಎಂದರು ಮೇಡಂ. ಯಾರೂ ತಮ್ಮನ್ನು ಅಪಾಯದ ಒಳಗೇ ಕೂರಿಸಿ, ನಾಲ್ಕು ಪಟ್ಟಿ ಕಟ್ಟಿ, ಏಳು ಸಲ ಇಳಿಸಿ ಹತ್ತಿಸಿ ಪಾಠ ಹೇಳಿರಲಿಲ್ಲ. ನೋಟ್‌ಬುಕ್ಕು ತೆರೆದು ಎಣಿಸಿದರು: ಅಂದಕ್ಕಾಗಿ ಸುರಕ್ಷತೆ ಬಿಟ್ಟ ತಪ್ಪುಗಳು ಇಪ್ಪತ್ತಮೂರು. ಇಲಾಖೆಯ ಕೈಪಿಡಿಯಲ್ಲಿ ಇದ್ದದ್ದೇ ಹತ್ತೊಂಬತ್ತು. ಅಜಾಗರೂಕತೆಯಿಂದ ಇಷ್ಟನ್ನೆಲ್ಲ ಒಂದೇ ಕಾರಿನಲ್ಲಿ ಸೇರಿಸಲು ಸಾಧ್ಯವೇ ಇಲ್ಲ, ಇದರ ಹಿಂದೆ ಆಳವಾದ ಅಧ್ಯಯನವಿದೆ ಎಂದರು.

"ಮೇಡಂ, ಇದು ಪಾಠ ಅಲ್ಲ. ನಿಜವಾಗ್ಲೂ ನನ್ನ ಕಾರು. ನಿಜವಾಗ್ಲೂ ಹೀಗಾಯ್ತು."

ಮೇಡಂ ಸಭೆಯ ಕಡೆಗೆ ತಿರುಗಿದರು. "ನೋಡಿ, ಪಾತ್ರದಿಂದ ಇನ್ನೂ ಹೊರಗೆ ಬಂದಿಲ್ಲ. ಸ್ವಂತ ಕಾರಿಗೆ ಇಂಥದ್ದನ್ನ ಮಾಡಿಸ್ಕೊಳ್ಳೋ ದಡ್ಡರು ಎಲ್ಲಾದ್ರೂ ಇರ್ತಾರಾ? ಅದರಲ್ಲೂ ಸುರಕ್ಷತಾ ಅಧಿಕಾರಿ."

ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸ್ಟೋರ್‌ಕೀಪರ್ ಕಣ್ಣೊರೆಸಿಕೊಳ್ಳುತ್ತಿದ್ದ. ಮ್ಯಾನೇಜರರು ಹತ್ತು ಹೆಜ್ಜೆಯನ್ನು ಮೂರರಲ್ಲಿ ದಾಟಿ ಬಂದು ಜಾಗ್ರತೆಯವರನ್ನು ತಬ್ಬಿಕೊಂಡು, ಈ ಯೋಜನೆಯನ್ನು ತಾವಿಬ್ಬರೂ ತಿಂಗಳುಗಟ್ಟಲೆ ಗುಟ್ಟಾಗಿ ರೂಪಿಸಿದೆವೆಂದು ಮೈಕಿನಲ್ಲಿ ಹೇಳಿದರು. ಜಾಗ್ರತೆಯವರು ಇನ್ನೂ ಎರಡು ಸಲ ಸತ್ಯ ಹೇಳಲು ನೋಡಿದರು. ಹೇಳಿದಷ್ಟೂ ಚಪ್ಪಾಳೆ ಜಾಸ್ತಿಯಾಯಿತು. ಆಮೇಲೆ ಸುಮ್ಮನಾದರು.

ಊಟದ ಹೊತ್ತಿಗೆ ಆದೇಶವೂ ತಯಾರಾಯಿತು. ಮೇಡಂ ಅಲ್ಲೇ ಟೈಪು ಮಾಡಿಸಿ ಸಹಿ ಹಾಕಿದರು. ವಲಯದ ನಲವತ್ತು ಕಾರ್ಖಾನೆಗಳಿಗೂ ದಿನಕ್ಕೊಂದರಂತೆ ನಾಳೆಯಿಂದಲೇ ಈ ಕಾರು ಪ್ರದರ್ಶನಕ್ಕೆ ಹೋಗಬೇಕು. ಅದು ಮುಗಿದ ಮೇಲೆ ಉಳಿದ ವಲಯಗಳು. ಕಾರಿನ ಒಂದು ಸ್ಕ್ರೂ ಕೂಡ ಬದಲಾಗಬಾರದು. ಬದಲಾದರೆ ಸಾಕ್ಷ್ಯ ನಾಶದ ಕ್ರಮ. ರಸ್ತೆಯಲ್ಲಿ ಯಾರೂ ತಡೆಯದಂತೆ ವಿಶೇಷ ಪರವಾನಗಿ. ಸ್ಟಿಯರಿಂಗಿಗೆ, ಸ್ಪ್ರಿಂಗುಗಳಿಗೆ, ಡಿಕ್ಕಿಯ ಬಾಗಿಲಿಗೆ ಇಲಾಖೆಯ ಮೊಹರಿನ ಕಾಗದ ಅಂಟಿಸಿದ್ದಾಯಿತು. ಏರ್‌ಬ್ಯಾಗು ದುಪ್ಪಟಿ ಸಮೇತ ಒಳಗೇ ಉಳಿಯಿತು.

ಬೇರೆ ಯಾರಾದರೂ ಓಡಿಸಬಹುದೇ ಎಂದು ಜಾಗ್ರತೆಯವರು ಕೇಳಿದರು. ಇಂಥ ಗಾಡಿಯಲ್ಲಿ ಬೇರೊಬ್ಬರ ಜೀವವನ್ನು ಪಣಕ್ಕಿಡಲು ಇಲಾಖೆಯ ನಿಯಮ ಒಪ್ಪುವುದಿಲ್ಲ, ನೀವೇ ಓಡಿಸಬೇಕು ಎಂದರು ಮೇಡಂ. ನಿಲ್ದಾಣಕ್ಕೆ ವಾಪಸ್ಸು ಬಿಡಲೇ ಎಂದು ಕೇಳಿದಾಗ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡ. ನನಗೆ ಒಂದ್ಸಲ ಸಾಕು. ಟ್ಯಾಕ್ಸಿ ಕರೆಸಿ."

ಜಾಗ್ರತೆಯವರು ಒಬ್ಬರೇ, ಓರೆಯಾಗಿ, ಹೆರೆದುಕೊಳ್ಳುತ್ತಾ ಸಂಜೆ ಆರಕ್ಕೆ ಮನೆ ಸೇರಿದರು. ಗೇಟಿನ ಒಳಗೆ ಗೋಣಿತಾಟು ಹಾಸಿತ್ತು. ಅದರ ಮೇಲೆ ಕಾರಿನ ಹಳೆಯ ಸ್ಟಿಯರಿಂಗು, ಹಳೆಯ ಬೆಲ್ಟುಗಳು, ಬಂಪರು, ತೆಳ್ಳಗಿನ ಟೈರುಗಳು, ಹೊಚ್ಚ ಹೊಸ ಸ್ಪ್ರಿಂಗುಗಳು. ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಜೋಡಿಸಿಕೊಂಡು ಭಾವಮೈದ ಕೂತಿದ್ದ. ಬೆಳಗ್ಗೆಗಿಂತ ಅವನ ಮುಖ ಇನ್ನೂ ಸೋತಿತ್ತು.

ನಡೆದದ್ದನ್ನು ಹೆಂಡತಿಯೇ ಹೇಳಿದರು. ಬೆಳಗ್ಗೆ ಚೆನ್ನಾಗಿದೆ ಎಂದಾಗಲೇ ಗಂಡನ ಮುಖ ಅವರಿಗೆ ಅರ್ಥವಾಗಿತ್ತಂತೆ. ಇಪ್ಪತ್ತಾರು ವರ್ಷದಿಂದ ನೋಡಿದ ಮುಖ. ಗಂಡ ಹೋದ ಮೇಲೆ ಗ್ಯಾರೇಜಿನ ಪಕ್ಕದ ಅಂಗಡಿಗೆ ಫೋನು ಮಾಡಿ, ಅಲ್ಲಿಂದ ಎಂಜಿನ್ನಿನ ಅಂಗಡಿಗೆ ಮಾಡಿ, ತಮ್ಮನನ್ನು ಹುಡುಕಿ ಹಿಡಿದು, ಹುಟ್ಟಿದಾಗಿನಿಂದ ಒಂದು ಮಾತು ಬೈಯದವರು ಬಾಯಿಗೆ ಬಂದಂತೆ ಬೈದಿದ್ದರು. ನಿಮ್ಮ ಭಾವನಿಗೆ ಏನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ ಅಂದಿದ್ದರು.

ಭಾವಮೈದ ಎದ್ದು ನಿಂತು, ನೆಲ ನೋಡುತ್ತಾ ಹೇಳಿದ. "ತಪ್ಪಾಯ್ತು ಭಾವ. ನಿಮಗೆ ಬೇಕಾದ್ದು ಏನು ಅಂತ ಕೇಳಿಸ್ಕೊಳ್ಳೇ ಇಲ್ಲ ನಾನು. ಎರಡು ಗಂಟೆ ಕೊಡಿ, ಮೊದಲು ಹೇಗಿತ್ತೋ ಹಾಗೇ ಮಾಡಿಕೊಡ್ತೀನಿ. ಇನ್ನೂ ಗಟ್ಟಿಯಾಗಿ ಮಾಡ್ತೀನಿ."

ಅವನು ಪಾನಾ ಹಿಡಿದು ಕಾರಿನ ಕಡೆಗೆ ಬಗ್ಗಿದ. ಜಾಗ್ರತೆಯವರು ಅಡ್ಡ ಬಂದು, ಎರಡೂ ಕೈ ಚಾಚಿ, ಕಾರಿಗೆ ಬೆನ್ನು ಕೊಟ್ಟು ನಿಂತರು.

"ಮುಟ್ಟಬೇಡ."

"ಭಾವ?"

"ಒಂದು ಸ್ಕ್ರೂ ಕೂಡ ಮುಟ್ಟಬೇಡ. ಹೀಗೇ ಇರ್ಲಿ."

ಭಾವಮೈದನ ಕೈಯಿಂದ ಪಾನಾ ಕೆಳಗೆ ಬಿತ್ತು. ಅವನು ಅಕ್ಕನ ಮುಖ ನೋಡಿದ, ಕಾರು ನೋಡಿದ, ಮತ್ತೆ ಭಾವನನ್ನು ನೋಡಿದ. ಮಾಡಿಸಿಕೊಂಡವರೆಲ್ಲ ಎರಡು ದಿನಕ್ಕೆ ಬೈದು ಬಿಚ್ಚಿಸಿಕೊಂಡು ಹೋಗುವುದನ್ನೇ ಕಂಡವನು ಅವನು. ತನ್ನ ಕೆಲಸಕ್ಕೆ ಹೀಗೆ ಅಡ್ಡ ನಿಂತು ಕಾಯುವವರನ್ನು ಇದೇ ಮೊದಲು ನೋಡುತ್ತಿದ್ದ. ಎರಡು ಹೆಜ್ಜೆ ಮುಂದೆ ಬಂದು ಭಾವನನ್ನು ಗಟ್ಟಿಯಾಗಿ ಅಪ್ಪಿಕೊಂಡ.

ಜಾಗ್ರತೆಯವರು ಅವನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟೊಂದು ಸಂತೋಷವನ್ನು ತಾಳಿಕೊಳ್ಳಿ ಭಾವ ಎಂದು ಅವನು ಬೆನ್ನು ಸವರುತ್ತಲೇ ಇದ್ದ.